ಬಣ್ಣ ಕೂಗುವವಳು

ಹಗಲನ್ನೂ ಇರುಳನ್ನೂ ಅಳೆದು, ಒಡೆಯನಿಗೂ ಆಳಿಗೂ ಒಂದೇ ಅಳತೆಯಲ್ಲಿ ಹಂಚುವ ಸೂರ್ಯನಾರಾಯಣಸ್ವಾಮಿಗೆ ಮೊದಲ ವಂದನೆ. ಆತನ ಬೆಳಕು ಹೇಳುವ ನಾಲಗೆಯ ಮೇಲೂ ಕೇಳುವ ಮನಸ್ಸಿನ ಮೇಲೂ ಬೀಳಲಿ.

"ಐನೂರ ನಲವತ್ತು ಅಂತ ಇರೋ ಕಡೆ ಐನೂರ ಎಪ್ಪತ್ತು ಅಂತ ಒತ್ತು. ಅಷ್ಟೇ ತಾನೆ?"

ಕುರ್ಚಿಯ ಹಿಂದೆ ನಿಂತ ಯಜಮಾನ ದೇವರಾಜ್ ಹೀಗೆ ಕೇಳಿದಾಗ ರಜನೀಶನ ಬೆರಳುಗಳು ಕೀಲಿಮಣೆಯ ಮೇಲೆ ತಡೆದು ನಿಂತವು. ಅಷ್ಟೇ ಎಂಬುದು ನಿಜವಾಗಿತ್ತು. ಲೆಕ್ಕವನ್ನು ವಿವರಿಸಿಕೊಟ್ಟವನೂ ರಜನೀಶನೇ.

ಚನ್ನರಾಯಪಟ್ಟಣದ ಹೆದ್ದಾರಿಯ ಬದಿಯಲ್ಲಿದ್ದ ಆ ತೆಂಗಿನಕಾಯಿ ಪುಡಿಯ ಕಾರ್ಖಾನೆಯಲ್ಲಿ ರಜನೀಶ್ ಕಂಪ್ಯೂಟರ್ ಕೆಲಸದವನು. ಬಿಡುವಿನ ದಿನಗಳಲ್ಲಿ, ತನ್ನ ಸಂತೋಷಕ್ಕೆಂದೇ, ಕಂಪ್ಯೂಟರಿನ ಪರದೆಯ ಮೇಲೆ ತಟ್ಟೆಯಗಲದ ಒಂದು ಬಣ್ಣದ ಚಕ್ರವನ್ನು ರೂಪಿಸಿದ್ದ. ಅದರಲ್ಲಿ ಅರಿಸಿನವು ಹಸಿರಿನೊಳಗೂ, ಹಸಿರು ನೀಲಿಯೊಳಗೂ, ನೀಲಿಯು ಕುಂಕುಮದೊಳಗೂ ಗೆರೆ ಕಾಣದಂತೆ ಕರಗುತ್ತಿದ್ದವು. ಬೆಳಗ್ಗೆ ಎಂಟೂವರೆಯಿಂದ ಸಂಜೆ ಐದೂವರೆಯವರೆಗಿನ ಐನೂರ ನಲವತ್ತು ನಿಮಿಷಗಳಲ್ಲಿ ಆ ಬಣ್ಣದ ಚಕ್ರ ನಿಧಾನವಾಗಿ ಒಂದು ಸುತ್ತು ತಿರುಗುತ್ತಿತ್ತು. ನೆತ್ತಿಗೆ ಬಂದ ಬಣ್ಣವೇ ಆ ಹೊತ್ತಿನ ಬಣ್ಣ.

ಗಾಜಿನ ಕೋಣೆಯ ಆಚೆ, ಕಿಟಕಿಯಿಲ್ಲದ ಹಜಾರದಲ್ಲಿ, ಟ್ಯೂಬ್‌ಲೈಟಿನ ಕೆಳಗೆ ನಲವತ್ತು ಹೆಂಗಸರು ಕುಳಿತು ಚಿಪ್ಪು ತೆಗೆದ ಕಾಯಿಗಳ ಕಂದು ಸಿಪ್ಪೆಯನ್ನು ಬ್ಲೇಡಿನಿಂದ ಹೆರೆಯುತ್ತಿದ್ದರು. ಶುಚಿತ್ವದ ನೆಪದಲ್ಲಿ ಅವರ ಮೊಬೈಲುಗಳು ಗೇಟಿನಲ್ಲೇ ಉಳಿಯುತ್ತಿದ್ದವು. ಕೆಲಸ ಬಿಟ್ಟು ಗಡಿಯಾರ ನೋಡುತ್ತಾರೆಂದು ದೇವರಾಜ್ ಗೋಡೆಯ ಗಡಿಯಾರವನ್ನೂ ಇಳಿಸಿದ್ದ. ಹೀಗಾಗಿ ಗಾಜಿನಾಚೆಯ ಚಕ್ರವೇ ಅವರ ಹೊತ್ತಾಯಿತು. ಎಲ್ಲರೂ ತಲೆಯೆತ್ತಿದರೆ ಕೈ ಕೊಯ್ದುಹೋಗುವುದೆಂದು, ಒಬ್ಬಳನ್ನು ಮಾತ್ರ ಗಾಜಿಗೆ ಎದುರಾಗಿ ಕೂರಿಸುವ ರೂಢಿಯನ್ನು ಅವರೇ ಮಾಡಿಕೊಂಡರು. ಎಲ್ಲರಿಗಿಂತ ಹಿರಿಯಳಾದ, ದಂಡಿಗನಹಳ್ಳಿಯ ಕಡೆಯಿಂದ ಬರುವ ಮರಿಯಮ್ಮನಿಗೆ ಆ ಜಾಗ ಸಿಕ್ಕಿತು. ಅರಿಸಿನ ಬಂತೆಂದು ಅವಳು ಕೂಗಿದರೆ ಟೀ, ಹಸಿರು ಬಂತೆಂದರೆ ಊಟ, ಕುಂಕುಮ ಬಂತೆಂದರೆ ಮನೆ. ಅಕ್ಷರ ಅರಿಯದ ಅವಳು ಆ ಕೂಗನ್ನು ಪೂಜೆಯಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದಳು.

ಅಂದು ಬೆಳಗ್ಗೆಯೇ ಮಂಗಳೂರು ಬಂದರಿಗೆ ಹೋಗಬೇಕಾದ ಲಾರಿ ಬಾಗಿಲಲ್ಲಿ ಕಾದಿತ್ತು, ಚೀಲಗಳು ತುಂಬಿರಲಿಲ್ಲ. ಅರ್ಧ ಗಂಟೆ ಹೆಚ್ಚು ದುಡಿಯಿರೆಂದು ಕೇಳಿದರೆ ಅವರು ಬಸ್ಸಿನ ಹೆಸರು ಹೇಳಿ ಎದ್ದುಬಿಡುತ್ತಾರೆಂದು ದೇವರಾಜನಿಗೆ ತಿಳಿದಿತ್ತು. ಇದೊಂದು ದಿನ, ನಾಳೆ ಮತ್ತೆ ಸರಿಮಾಡಿಬಿಡು ಎಂದ. ರಜನೀಶ್ ಅಂಕಿ ಬದಲಿಸಿದ. ಚಕ್ರದ ಓಟ ತಗ್ಗಿದ್ದು ಕಣ್ಣಿಗೆ ಕಾಣುವಂತಿರಲಿಲ್ಲ.

ಕುಂಕುಮ ನೆತ್ತಿಗೆ ಬಂದಾಗ ಮರಿಯಮ್ಮ ಎಂದಿನಂತೆ ಕೂಗಿದಳು. ಗೇಟಿನಲ್ಲಿ ಮೊಬೈಲು ಕೈಗೆ ಬಂದ ಮೇಲೆ ಆರು ಮೀರಿದ್ದು ಎಲ್ಲರಿಗೂ ತಿಳಿಯಿತು. ಹಳ್ಳಿಯ ಬಸ್ಸುಗಳು ಹೊರಟುಹೋಗಿದ್ದವು.

ಮರುದಿನ, ಹೆರೆಯುವವರಲ್ಲಿ ಒಬ್ಬಳಾದ ಶಾಂತಕುಮಾರಿಯ ಒಂದು ಕೆನ್ನೆ ಊದಿತ್ತು. ಎಲ್ಲಿದ್ದೆ ಎಂದು ಕೇಳಿದ ಗಂಡ ಉತ್ತರಕ್ಕೆ ಕಾದಿರಲಿಲ್ಲ. ಅವಳು ನೇರವಾಗಿ ಮರಿಯಮ್ಮನ ಮುಂದೆ ಬಂದು ನಿಂತಳು.

"ಕಣ್ಣ ಎಲ್ಲಿ ಮಡಗಿದ್ದೆ ಮುದ್ಕಿ? ನಿನ್ನ ನಂಬ್ಕಂಡು ತಲೆ ಬಗ್ಸಿ ಕುಂತಿದ್ಕೆ ನೋಡು ನನ್ ಮಖವ."

"ಬಂದ ಗಳಿಗೇಲೆ ಕೂಗಿವ್ನಿ ಕಣವ್ವ, ನನ್ನಾಣೆಗೂ," ಎಂದಳು ಮರಿಯಮ್ಮ.

ನಿದ್ದೆ ಹೋಗಿದ್ದಳೆಂದು ಒಬ್ಬಳು, ಯಜಮಾನರ ಕಡೆ ಸೇರಿಕೊಂಡಳೆಂದು ಇನ್ನೊಬ್ಬಳು ಆಡಿಕೊಂಡರು. ಗಲಾಟೆ ಕೇಳಿ ಹೊರಬಂದ ದೇವರಾಜ್, ನಿನ್ನ ಚಕ್ರ ನಿನ್ನೆ ಸರಿಯಾಗಿತ್ತೇ ಎಂದು ಎಲ್ಲರ ಎದುರಿಗೇ ರಜನೀಶನನ್ನು ವಿಚಾರಿಸಿದ. ಕೋಣೆಯೊಳಗೆ ಅದಕ್ಕೆ ಮೊದಲೇ ಅವನಿಗೊಂದು ಮಾತು ತಿಳಿಸಲಾಗಿತ್ತು: ಒತ್ತಿದ ಕೈ ನಿನ್ನದು, ನನಗೆ ಕಂಪ್ಯೂಟರ್ ಬರುವುದಿಲ್ಲವೆಂಬುದು ಊರಿಗೇ ಗೊತ್ತು.

"ಸರಿಯಾಗಿತ್ತು ಸಾ," ಎಂದ ರಜನೀಶ್.

"ಕುಂಕುಮ ಯಾವ್ದು ಅರಿಸಿನ ಯಾವ್ದು ಅಂತ ಕಾಣ್ದೋರ ಕೈಗೆ ಬ್ಲೇಡ್ ಕೊಟ್ಟಿವ್ನಲ್ಲ, ನನ್ ಧೈರ್ಯ ಮೆಚ್ಬೇಕು," ಎಂದು ದೇವರಾಜ್ ನಕ್ಕ. ಹೆಂಗಸರೂ ನಕ್ಕರು. ಶಾಂತಕುಮಾರಿ ನೋಯುವ ಕೆನ್ನೆಯನ್ನು ಹಿಡಿದುಕೊಂಡು ನಕ್ಕಳು.

ಮರಿಯಮ್ಮ ಹಾಸನದಲ್ಲಿ ನಡೆಯುತ್ತಿದ್ದ ಉಚಿತ ನೇತ್ರ ತಪಾಸಣೆಗೆ ಹೋಗಿ ಚೀಟಿ ತರಬೇಕು, ಕಣ್ಣು ಚೆನ್ನಾಗಿದ್ದರೆ ಮಾತ್ರ ಕೆಲಸ ಎಂದು ತೀರ್ಮಾನವಾಯಿತು. ಮರಿಯಮ್ಮನ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಹನ್ನೊಂದು ವರ್ಷ ಕುಳಿತ ಮಣೆಯನ್ನು ಗೋಡೆಗೆ ಒರಗಿಸಿ, ಬಂದ ಮೇಲೆ ತೆಗೆದುಕೊಳ್ಳುತ್ತೇನೆ, ಯಾರೂ ಕೂರಬೇಡಿ ಎಂದು ಹೇಳಿ ಹೋದಳು.

ಮೂರನೆಯ ದಿನ ಮಧ್ಯಾಹ್ನ ಅವಳು ಗಾಜಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹಾಸನದಲ್ಲಿ ಜನವೋ ಜನ, ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ದೂರದ ಗುರುತುಗಳನ್ನೂ ಬಣ್ಣಗಳನ್ನೂ ತೋರಿಸಿ ಕೇಳಿ, ಏನೋ ಗೀಚಿ ಕೈಗಿಟ್ಟು ಮುಂದಿನವರನ್ನು ಕರೆದರು ಎಂದು ವಿವರಿಸಿ, ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ರಜನೀಶನ ಕೈಗೆ ಕೊಟ್ಟಳು. ಪಕ್ಕದಲ್ಲೇ ನಿಂತಿದ್ದ ಯಜಮಾನರ ಕೈಗೆ ಕೊಡಲಿಲ್ಲ.

"ನೀನೇ ಓದಪ್ಪ. ನೀನಾದ್ರೆ ಇದ್ದುದ್ದ ಇದ್ದಂಗೆ ಏಳ್ತೀಯ."

ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲಿತ್ತು. ಎರಡೂ ಕಣ್ಣುಗಳ ದೂರದೃಷ್ಟಿ ಸರಿಯಾಗಿದೆ. ಬಣ್ಣಗಳನ್ನು ಗುರುತಿಸುವುದರಲ್ಲಿ ದೋಷವಿಲ್ಲ. ರಜನೀಶ್ ಎರಡು ಸಲ ಓದಿದ. ದೇವರಾಜ್ ಕಿಸೆಯಿಂದ ಫೋನು ತೆಗೆದು ಅದರಲ್ಲಿ ಏನನ್ನೋ ಹುಡುಕತೊಡಗಿದ. ಗಾಜಿನಾಚೆ ಉಳಿದ ಹೆಂಗಸರ ಕೈಗಳು ನಿಂತಿದ್ದವು; ಕೆಲವರು ಬ್ಲೇಡುಗಳನ್ನು ಕೆಳಗಿಡದೆ ಇತ್ತಲೇ ನೋಡುತ್ತಿದ್ದರು.

"ಪೊರೆ ಬಂದದೆ ಅಂತ ಬರ್ದವ್ರೆ ಕಣಮ್ಮ," ಎಂದ ರಜನೀಶ್. "ಎರಡೂ ಕಣ್ಗೂವೆ."

ಮರಿಯಮ್ಮ ಗಾಜಿನಾಚೆ ಶಾಂತಕುಮಾರಿ ಕುಳಿತಿದ್ದ ಕಡೆಗೆ ತಿರುಗಿದಳು.

"ಅಂಗಾರೆ ಆ ಮಗ ಏಟು ತಿಂದಿದ್ದು ನನ್ನಿಂದ್ಲೇಯ," ಎಂದಳು. "ನೀನು ಏಳ್ದೆ ಓಗಿದ್ರೆ ಬ್ಲೇಡ್ ಇಡ್ಕಂಡು ಇನ್ಯಾರ ಕೈ ಕುಯ್ತಿದ್ನೋ. ನಿನ್ನೊಟ್ಟೆ ತಣ್ಣಗಿರ್ಲಿ ಕಣಪ್ಪ."

ಚೀಟಿಯನ್ನು ಅವನು ಹಿಂದಿರುಗಿಸಲಿಲ್ಲ, ಅವಳೂ ಕೇಳಲಿಲ್ಲ. ಹಜಾರವನ್ನು ಹಾದು ಹೋಗುವಾಗ ಶಾಂತಕುಮಾರಿಯ ಬಳಿ ಬಾಗಿ, ಊದಿದ ಕೆನ್ನೆಯನ್ನು ಮುಟ್ಟಿ, ಮನ್ನಿಸವ್ವ ಎಂದಳು. ಶಾಂತಕುಮಾರಿ ಮುಖ ತಿರುಗಿಸಿಕೊಂಡಳು.

ಹೊರಗೆ ಬಿಸಿಲು ಚೆನ್ನಾಗಿತ್ತು. ಆಗಷ್ಟೇ ಲಾರಿಗಳ ನಡುವೆ ಸರಸರನೆ ದಾಟಿ ಬಂದಿದ್ದ ಹೆದ್ದಾರಿಯ ಅಂಚಿನಲ್ಲಿ ಮರಿಯಮ್ಮ ಬಹಳ ಹೊತ್ತು ನಿಂತಳು. ಆಮೇಲೆ ಒಂದು ಕೈಯನ್ನು ಗಾಳಿಯಲ್ಲಿ ಮುಂದೆ ಚಾಚಿ, ಪಾದದಿಂದ ನೆಲವನ್ನು ತಡವಿ, ಎಳನೀರು ಮಾರುವವನ ಕಡೆಗೆ ತಿರುಗಿ, ಈ ಕಡೆಯಿಂದ ಏನಾದರೂ ಬರುತ್ತಿದೆಯೇ ನೋಡಿ ಹೇಳಪ್ಪ ಎಂದು ಕೇಳಿದಳು.

ಈ ಕಥೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ ಭಗವಂತನ ಅನುಗ್ರಹವಿರಲಿ. ಎಲ್ಲರ ಕಣ್ಣುಗಳೂ ತಂಪಾಗಿರಲಿ. ಸಂಜೆ ಅವರವರ ಮನೆಯ ಬಾಗಿಲು ಅವರವರಿಗಾಗಿ ತೆರೆದಿರಲಿ.