ಒಂಬತ್ತನೇ ಶಾಟ್

"ಕೈ ಕೆಳಗಿಡು ಅಂದೆ! ಟೇಬಲ್ ಮೇಲೆ ಇಡಬೇಡ ಆ ದರಿದ್ರ ಕೈನ. ನೋಡಿದ್ರೆ ಉಂಡಿದ್ದು ವಾಂತಿ ಆಗುತ್ತೆ."

ಗೀಚಿ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಬೆರಳ ತುದಿಗಳಲ್ಲಿ ಚರ್ಮ ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು. ರಜೆಯ ದಿನ ಅಮ್ಮನ ಜೊತೆ ಡ್ರಮ್ಮು ತೊಳೆದ ಗುರುತು. ಬಣ್ಣದ ಕಾರ್ಖಾನೆಗಳಿಂದ ಬರುವ ಖಾಲಿ ಡ್ರಮ್ಮುಗಳಿಗೆ ಆಸಿಡ್ ಸುರಿದು, ಬ್ರಷ್ಷು ಹಾಕಿ ತಿಕ್ಕಿ, ಹೊಸದರಂತೆ ಮಾಡಿ ಮಾರುವ ಗಲ್ಲಿ ಅವರದು. ಅಲ್ಲಿ ಹುಟ್ಟಿದವರ ಕೈ ಹಾಗೇ ಇರುತ್ತದೆ.

ಅವತ್ತು ಆ್ಯನಿಮೇಷನ್ ಕಲಿಸುವ ಸಂಸ್ಥೆಯಲ್ಲಿ ಅಣಕು ಸಂದರ್ಶನ. ಕೊನೆಯ ವರ್ಷದ ಹನ್ನೆರಡು ಮಂದಿಯನ್ನು ಒಬ್ಬೊಬ್ಬರಾಗಿ ಎದುರು ಕೂರಿಸಿಕೊಂಡು ತರಬೇತಿಯ ಸಾರ್ ಪ್ರಶ್ನೆ ಕೇಳುತ್ತಿದ್ದರು. ಉಳಿದವರು ಗೋಡೆಗೆ ಒರಗಿ ನೋಡುತ್ತಿದ್ದರು.

"ಅಮ್ಮ ಏನು ಮಾಡ್ತಾರೆ?"

"ಡ್ರಮ್ಮು ತೊಳೀತಾರೆ ಸಾರ್."

ಗೋಡೆಯ ಕಡೆಯಿಂದ ಕಿಸಕ್ಕೆಂದು ನಗು ಬಂತು.

"ಥೂ! ಡ್ರಮ್ಮು ತೊಳೀತಾರಂತೆ. ಮರುಬಳಕೆ ಉದ್ಯಮದಲ್ಲಿದ್ದಾರೆ ಅನ್ನು. ಹೇಳು ನೋಡೋಣ."

"ಮರುಬಳಕೆ ಉದ್ಯಮದಲ್ಲಿದ್ದಾರೆ."

"ಮನೆ ಎಲ್ಲಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಸಾರ್ ಕೈ ಅಡ್ಡ ಹಿಡಿದರು. "ಬೇಡ. ಅರ್ಜೀಲಿ ನಮ್ಮ ಸಂಸ್ಥೆ ವಿಳಾಸ ಬರಿ. ಆ ಗಲ್ಲಿ ಹೆಸರು ಕೇಳಿದ್ರೆ ಗೇಟಿನಿಂದಾನೇ ಓಡಿಸ್ತಾರೆ."

ಆಮೇಲೆ ಅವಳ ಶೋರೀಲ್ ಹಾಕಿದರು. ಕಲಿತ ಕೆಲಸದಲ್ಲೆಲ್ಲ ಒಳ್ಳೆಯದನ್ನು ಜೋಡಿಸಿ ಕಂಪನಿಗೆ ತೋರಿಸುವ ಎರಡು ನಿಮಿಷದ ಚಿತ್ರ ಅದು. ಅದರಲ್ಲಿ ಒಬ್ಬ ಹೆಂಗಸು ತನ್ನೆದೆಯ ಎತ್ತರದ ಡ್ರಮ್ಮನ್ನು ಅಂಚಿನ ಮೇಲೆ ತಿರುಗಿಸುತ್ತ ಏರು ಹತ್ತಿಸುತ್ತಾಳೆ. ಭಾರ ಹಿಮ್ಮಡಿಗೆ ಇಳಿಯುವುದು, ಸೊಂಟ ತಡೆಯುವುದು, ಉಸಿರು ನಿಲ್ಲುವುದು, ಎಲ್ಲವನ್ನೂ ಗೀಚಿ ನಾಲ್ಕು ತಿಂಗಳು ಕೂತು ಒಂದೊಂದೇ ಚಿತ್ರವಾಗಿ ಬರೆದಿದ್ದಳು.

"ಇದನ್ನ ಕಿತ್ತು ಬಿಸಾಕು. ಸೆಂಟಿನ ಬಾಟ್ಲಿ ಮಾಡಿದ್ಯಲ್ಲ, ಅದು ಮುಂದೆ ಬರಲಿ."

ಕಿತ್ತು ಬಿಸಾಕಿದಳು. ಸೆಂಟಿನ ಬಾಟಲಿ ಮುಂದೆ ಬಂತು.

*

ಗೀಚಿ ಅನ್ನುವುದು ಗಲ್ಲಿಯವರು ಇಟ್ಟ ಹೆಸರು. ನಡೆಯಲು ಕಲಿಯುವ ಮೊದಲೇ ಇದ್ದಿಲು ಹಿಡಿದು ಗೋಡೆಯೆಲ್ಲ ಗೀಚುತ್ತಿದ್ದಳಂತೆ. ಮನೆ ಒಂದೇ ಕೋಣೆ. ಗೋಡೆ ಡ್ರಮ್ಮಿನ ತಗಡು, ಸೂರು ಡ್ರಮ್ಮಿನ ತಗಡು. ಅಪ್ಪ, ಇನ್ನೂ ತೊಳೆಯದ ಡ್ರಮ್ಮೊಂದರೊಳಗೆ ಬಗ್ಗಿ ಉಸಿರುಗಟ್ಟಿ ಸತ್ತು ಒಂಬತ್ತು ವರ್ಷವಾಗಿತ್ತು. ಮಾಲೀಕ ಅವತ್ತು ಬಂದವನು ಡ್ರಮ್ಮು ಒಡೆದಿಲ್ಲವಲ್ಲ ಎಂದು ತಟ್ಟಿ ನೋಡಿ ಹೋಗಿದ್ದ.

ಸಂಜೆ ಅಮ್ಮ ಬ್ರಷ್ಷು ಕೆಳಗಿಟ್ಟು, ಒಂದು ಖಾಲಿ ಡ್ರಮ್ಮನ್ನು ಬೋರಲು ಹಾಕಿ ಅದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಳು.

"ಬಾರಮ್ಮ, ಒಳಗೆ ಬಾ. ಕೂತ್ಕೋ. ನಿನ್ನ ಬಗ್ಗೆ ಎರಡು ಮಾತು ಹೇಳು."

"ಅಮ್ಮಾ, ನಗಬಾರದು ನೀನು."

"ನಗ್ತಿಲ್ಲ ಕಣೇ, ಸಾಹೇಬ್ರು ಹೀಗೇ ಹಲ್ಲು ಬಿಡ್ತಾರೆ. ಎಲ್ಲಿ, ನಿಮ್ಮಮ್ಮ ಏನು ಕೆಲಸ?"

"ಮರುಬಳಕೆ ಉದ್ಯಮ."

ಅಮ್ಮ ಬಿದ್ದು ಬಿದ್ದು ನಕ್ಕಳು. ಪಕ್ಕದ ಹೆಂಗಸರನ್ನೂ ಕೂಗಿ ಕರೆದಳು. "ಕೇಳಿದ್ರೇನ್ರೇ, ನಾವೆಲ್ಲ ಉದ್ಯಮ ಅಂತೆ! ನಾಳೆಯಿಂದ ಕಾರಲ್ಲಿ ಬನ್ರೇ ತಿಕ್ಕೋಕೆ." ನಗುತ್ತ ನಗುತ್ತ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಮಗಳು ಬೆನ್ನು ಸವರಿದಳು.

ಅದೇ ವಾರ ಮೂರು ದಿನ ಗಲ್ಲಿಯ ಮೇಲೆ ಡ್ರೋನ್ ಹಾರಾಡಿತು. ಮಕ್ಕಳು ಹಿಂದೆ ಓಡಿದರು. ಯಾರ ಕಡೆಯದು ಎಂದು ಯಾರಿಗೂ ಗೊತ್ತಿರಲಿಲ್ಲ. ಸ್ನಾನದ ತಟ್ಟಿಯ ಮೇಲೂ ಬಂದು ನಿಂತಾಗ ಅಮ್ಮನ ಸಿಟ್ಟು ನೆತ್ತಿಗೇರಿತು. "ಬಾರೋ ಬೋಳಿಮಗನೆ, ಕೆಳಗಿಳಿ! ನಿಮ್ಮಮ್ಮ ಮೈ ತೊಳೆಯೋದೂ ಹಿಂಗೇ ನೋಡ್ತೀಯೇನೋ?" ಎಂದು ಬ್ರಷ್ಷೆತ್ತಿ ಆಕಾಶಕ್ಕೆ ಬೀಸಿದಳು. ಅದು ಸ್ವಲ್ಪ ಹೊತ್ತು ಅಲ್ಲೇ ಗುಯ್‌ಗುಟ್ಟಿ ಹೊರಟುಹೋಯಿತು.

*

ನಿಜವಾದ ಸಂದರ್ಶನಕ್ಕೆ ಕರೆದ ಸ್ಟುಡಿಯೋ ಏಳನೇ ಮಹಡಿಯಲ್ಲಿತ್ತು. ಎಲ್ಲ ಕಡೆ ಗಾಜು. ಕಿಟಕಿಗಳಿಗೆ ಕಪ್ಪು ಪರದೆ. ಹನ್ನೆರಡೂ ಮಂದಿಯನ್ನು ಒಟ್ಟಿಗೆ ಕರೆಸಿದ್ದರು.

ಮ್ಯಾನೇಜರು ಎಳೆಯ ವಯಸ್ಸಿನವನು, ಮಾತು ಮೆತ್ತಗೆ. "ಮೊದಲು ಟೆಸ್ಟ್. ಮೂರು ದಿನ ಇಲ್ಲೇ ಕೂತು ಮಾಡಬೇಕು. ಒಬ್ಬೊಬ್ಬರಿಗೆ ಒಂದೊಂದು ಶಾಟ್. ಫೋನು ಬಾಗಿಲಲ್ಲಿ ಕೊಡಿ. ಇದು ಬರೀ ನಿಮ್ಮ ಕೈ ನೋಡೋಕೆ. ಬೇರೆ ಯಾವುದಕ್ಕೂ ಬಳಸಲ್ಲ."

ಗೀಚಿಗೆ ಒಂಬತ್ತನೇ ಶಾಟ್ ಬಂತು. ಮೇಲಿನಿಂದ ತೆಗೆದ ಹತ್ತು ಸೆಕೆಂಡಿನ ದೃಶ್ಯ. ಸೂರುಗಳನ್ನೆಲ್ಲ ಗೆರೆ ಕೊರೆದು ಅಳಿಸಬೇಕು, ಆ ಜಾಗದಲ್ಲಿ ಹುಲ್ಲು ಚಿಗುರಿಸಬೇಕು, ಹುಲ್ಲಿನ ನಡುವಿನಿಂದ ಗಾಜಿನ ಕಟ್ಟಡಗಳು ಏಳಬೇಕು. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಒಟ್ಟು ಇನ್ನೂರ ನಲವತ್ತು.

ಊಟದ ಹೊತ್ತಿಗೆ ಮೊದಲ ಸಾಲಿನ ಸೂರುಗಳು ಹೋಗಿದ್ದವು. ಎರಡನೇ ಸಾಲಿಗೆ ಅಂಚು ಸರಿಯಾಗಿ ಕಾಣಲೆಂದು ದೃಶ್ಯವನ್ನು ನಾಲ್ಕು ಪಟ್ಟು ಹಿಗ್ಗಿಸಿದಳು. ನೀಲಿ ಡ್ರಮ್ಮುಗಳು. ಮುರಿದ ನಲ್ಲಿಯ ಕಟ್ಟೆ. ಗೋಣಿಚೀಲದ ತಟ್ಟಿ. ತಟ್ಟಿಯ ಪಕ್ಕದಲ್ಲಿ ಒಂದು ಚುಕ್ಕೆ. ಇನ್ನೂ ಹಿಗ್ಗಿಸಿದಳು. ಚುಕ್ಕೆಗೆ ಕೈ ಇತ್ತು. ಕೈಯಲ್ಲಿ ಬ್ರಷ್ಷಿತ್ತು. ತಲೆ ಎತ್ತಿ, ಬಾಯಿ ತೆರೆದು, ಅಮ್ಮ ಅವಳನ್ನೇ ಬೈಯುತ್ತಿದ್ದಳು.

ಮೌಸಿನ ಮೇಲಿದ್ದ ಬೆರಳು ನಿಂತಿತು.

ಹಿಂದಿನಿಂದ ಮ್ಯಾನೇಜರು ಬಂದ. "ಯಾಕೆ ನಿಂತ್ಯಮ್ಮ? ಏನಾಯ್ತು?"

"ಇಲ್ಲಿ ಜನ ಇದ್ದಾರೆ ಸಾರ್."

ಅವನು ಬಗ್ಗಿ ನೋಡಿದ. "ಓ, ಅದಾ. ಕಸ ಅದು. ಕ್ಲೀನ್ ಮಾಡು. ಒಂದು ಚುಕ್ಕೆ ಉಳಿದ್ರೂ ದೊಡ್ಡ ಪರದೆ ಮೇಲೆ ಹೇನು ಹರಿದ ಹಾಗೆ ಕಾಣುತ್ತೆ."

ಪಕ್ಕದಲ್ಲಿ ದರ್ಜಿಯ ಮಗ ಹತ್ತನೇ ಶಾಟ್ ಮಾಡುತ್ತಿದ್ದ. ಸಂಸ್ಥೆಯಲ್ಲಿ ಅವಳ ಜೊತೆ ಹಂಚಿಕೊಂಡು ಊಟ ಮಾಡುತ್ತಿದ್ದವನು ಅವನೊಬ್ಬನೇ. ಮ್ಯಾನೇಜರು ಅತ್ತ ಹೋದ ಮೇಲೆ ಗೀಚಿ ತನ್ನ ಶಾಟಿನ ಕೊನೆಯ ಚಿತ್ರವನ್ನೂ ಅವನ ಶಾಟಿನ ಮೊದಲ ಚಿತ್ರವನ್ನೂ ಪಕ್ಕಪಕ್ಕ ನೋಡಿದಳು. ನಲ್ಲಿಯ ಕಟ್ಟೆ ಇವಳಲ್ಲಿ ಅರ್ಧ, ಅವನಲ್ಲಿ ಅರ್ಧ.

"ಟೆಸ್ಟ್ ಅಲ್ಲ ಕಣೋ ಇದು. ಹನ್ನೆರಡನ್ನೂ ಅಂಟಿಸಿದ್ರೆ ಒಂದು ಪೂರ್ತಿ ಸಿನಿಮಾ. ನಮ್ಮ ಗಲ್ಲಿ ಇದು."

"ನನಗೂ ಅನ್ನಿಸ್ತು." ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. "ಸುಮ್ನೆ ಮಾಡು ಮಾರಾಯ್ತಿ. ಬರೀ ಚಿತ್ರ ತಾನೆ? ಚಿತ್ರ ಅಳಿಸಿದ್ರೆ ಮನೆ ಅಳಿಸುತ್ತಾ? ಎರಡು ವರ್ಷದಿಂದ ನಮ್ಮಪ್ಪ ಕಣ್ಣು ಕಾಣದೆ ಕಾಜಾ ಹಾಕ್ತಿದ್ದಾನೆ. ನನಗೆ ಈ ಕೆಲಸ ಬೇಕು."

ಬರೀ ಚಿತ್ರ ತಾನೆ. ಗೀಚಿ ಅದನ್ನೇ ತನಗೆ ಹೇಳಿಕೊಂಡಳು. ಅಮ್ಮನ ಸುತ್ತ ಗೆರೆ ಕೊರೆದಳು, ಅಳಿಸಿದಳು. ಮುಂದಿನ ಚಿತ್ರದಲ್ಲಿ ಅಮ್ಮ ಮತ್ತೆ ಇದ್ದಳು, ಕೈ ಸ್ವಲ್ಪ ಮೇಲಕ್ಕೆ. ಅಳಿಸಿದಳು. ಅದರ ಮುಂದಿನದರಲ್ಲಿ ಇನ್ನೂ ಸ್ವಲ್ಪ ಮೇಲಕ್ಕೆ. ಮೂರನೇ ದಿನದ ಹೊತ್ತಿಗೆ ಇನ್ನೂರ ನಲವತ್ತು ಸಲ ಅಮ್ಮನನ್ನು ಒರೆಸಿ, ಅವಳು ನಿಂತಿದ್ದ ಜಾಗದಲ್ಲಿ ಹುಲ್ಲು ಬೆಳೆಸಿದ್ದಳು. ಮೂರು ದಿನವೂ ಮನೆಗೆ ಹೋದವಳು ಅಮ್ಮನ ಮುಖ ನೋಡದೆ ಉಂಡು ಮಲಗಿದಳು. ಹೇಳಬೇಕೆಂದು ಬಾಯಿಗೆ ಬರುತ್ತಿತ್ತು. ಕೆಲಸ ಸಿಗಲಿ, ಆಮೇಲೆ ಹೇಳೋಣ ಎಂದು ನುಂಗಿಕೊಳ್ಳುತ್ತಿದ್ದಳು.

*

ನಾಲ್ಕನೇ ದಿನ ಬೆಳಿಗ್ಗೆ ಸಂದರ್ಶನ. ಮೊದಲು ಕರೆದದ್ದು ಗೀಚಿಯನ್ನೇ. ಒಳಗೆ ಮ್ಯಾನೇಜರು, ಅವನ ಪಕ್ಕ ನಗರಸಭೆಯ ದೊಡ್ಡ ಅಧಿಕಾರಿ. ಎದುರಿನ ಗೋಡೆಯ ತುಂಬ ಪರದೆ. ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿ ಶಾಟ್ ಓಡಿಸಲು ಹೇಳಿದರು. ಗಲ್ಲಿ ಕರಗಿತು, ಹುಲ್ಲು ಎದ್ದಿತು, ಗಾಜು ಹೊಳೆಯಿತು.

"ಅಬ್ಬಾ!" ಅಧಿಕಾರಿ ಕುರ್ಚಿಗೆ ಒರಗಿದ. "ಇಲ್ಲಿ ಯಾರಾದ್ರೂ ಇದ್ರು ಅಂತ ಅನ್ನಿಸೋದೇ ಇಲ್ಲ ಕಣ್ರೀ."

"ಒಳ್ಳೆ ಕೈ ಸಾರ್ ಈ ಹುಡುಗೀದು," ಎಂದ ಮ್ಯಾನೇಜರು.

"ಗುರುವಾರ ಮೇಲಿನವರಿಗೆ ತೋರಿಸಬೇಕು. ಶುಕ್ರವಾರ ಬೆಳಿಗ್ಗೆ ಮಿಷನ್ನು ನುಗ್ಗಿಸ್ತೀವಿ."

"ನೋಟಿಸು ಸಾರ್?"

"ನೋಟಿಸು ಕೊಟ್ರೆ ಮುಂಡೇವು ಕೋರ್ಟಿಗೆ ಓಡ್ತಾವೆ. ಆ ಆಸಿಡ್ ನಾತದಲ್ಲಿ ಬದುಕೋ ಹುಳಗಳಿಗೆ ಎಂಥ ನೋಟಿಸ್ರೀ? ಅವರು ಕಣ್ಣುಜ್ಜಿ ಏಳೋ ಹೊತ್ತಿಗೆ ಅರ್ಧ ಮುಗಿದಿರುತ್ತೆ."

ಕುರ್ಚಿ ಮೇಜುಗಳ ಮುಂದೆ ಮಾತಾಡಿದ ಹಾಗೆ ಅವಳ ಮುಂದೆ ಮಾತಾಡುತ್ತಿದ್ದರು. ಅರ್ಜಿಯಲ್ಲಿ ಸಂಸ್ಥೆಯ ವಿಳಾಸವಿತ್ತು. ಅಮ್ಮ ಉದ್ಯಮದಲ್ಲಿದ್ದಳು. ಗೀಚಿಯ ಕೈಗಳು ಮೇಜಿನ ಕೆಳಗಿದ್ದವು.

ಮ್ಯಾನೇಜರು ಒಂದು ಕಾಗದ ಅವಳತ್ತ ತಳ್ಳಿದ. "ಕಂಗ್ರಾಟ್ಸ್. ಇಲ್ಲಿ ನೋಡಿದ್ದು ಕೇಳಿದ್ದು ಹೊರಗೆ ಹೇಳಲ್ಲ ಅಂತ ಒಂದು ಸಹಿ ಹಾಕು. ನಾಳೆಯಿಂದ ಬಾ. ಒಂದೇ ತಿದ್ದುಪಡಿ ಇದೆ. ಹುಲ್ಲು ಖಾಲಿ ಖಾಲಿ ಅನ್ನಿಸ್ತಿದೆ. ಒಂದು ನಾಲ್ಕು ಮಕ್ಕಳನ್ನ ಆಡಿಸು. ಬೆಳ್ಳಗೆ, ದುಂಡುದುಂಡಗೆ ಇರಲಿ."

ಗೀಚಿ ಕಾಗದ ನೋಡಿದಳು. ಮೇಲೆ ಕಂಪನಿಯ ಮುದ್ರೆ, ಅದರ ಕೆಳಗೆ ಅವಳ ಹೆಸರು, ಶಾಲೆಯಲ್ಲಿ ಬರೆಸಿದ ನಿಜವಾದ ಹೆಸರು. ಅಷ್ಟು ಚೆಂದದ ಕಾಗದದ ಮೇಲೆ ಆ ಹೆಸರನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಒಂದು ಗಳಿಗೆ ಪೆನ್ನು ಕೈಗೂ ಬಂತು.

ಪೆನ್ನನ್ನು ಕಾಗದದ ಮೇಲಿಟ್ಟಳು.

"ನನ್ನದೂ ಒಂದು ತಿದ್ದುಪಡಿ ಬಾಕಿ ಇದೆ ಸಾರ್."

ಸುಲಿದ ಎರಡೂ ಕೈಗಳನ್ನು ಎತ್ತಿ ಕೀಲಿಮಣೆಯ ಮೇಲಿಟ್ಟಳು. ಒಂಬತ್ತನೇ ಶಾಟಿನ ಕಡತ ಆರಿಸಿ ಅಳಿಸಿದಳು. ಎತ್ತಿಟ್ಟ ಪ್ರತಿ ಎಲ್ಲಿದೆ ಎಂದು ಅವಳಿಗೇ ಗೊತ್ತಿತ್ತು, ಎತ್ತಿಟ್ಟವಳು ಅವಳೇ. ಅದನ್ನೂ ಅಳಿಸಿದಳು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಗೋಡೆಯ ಮೇಲಿನ ಹುಲ್ಲು ಹೋಗಿ ಪರದೆ ಕಪ್ಪಾಯಿತು.

"ಏಯ್! ಏಯ್, ಏನೇ ಮಾಡ್ದೆ ಲೌಡಿ!" ಮ್ಯಾನೇಜರಿನ ಮೆತ್ತಗಿನ ದನಿ ಸೀಳಿಹೋಯಿತು. "ಮೂರು ದಿನದ ಕೆಲಸ ಅದು!"

"ಟೆಸ್ಟ್ ಅಂದ್ರಲ್ಲ ಸಾರ್? ಬಳಸಲ್ಲ ಅಂದ್ರಲ್ಲ? ಬಳಸದೇ ಇರೋದನ್ನ ಯಾಕೆ ಇಟ್ಕೋಬೇಕು?"

ಅಧಿಕಾರಿ ಎದ್ದು ನಿಂತ. "ಯಾರ್ರೀ ಇವಳು? ಎಲ್ಲಿಯವಳು?"

"ನೀವು ಹುಲ್ಲು ಹಾಕಿಸಿದ್ರಲ್ಲ, ಅಲ್ಲಿಯವಳು."

ಕಾವಲಿನವನು ಬಂದು ರಟ್ಟೆ ಹಿಡಿದು ಎಳೆದ. ಹೊರಗೆ ಸಾಲಾಗಿ ಕೂತಿದ್ದ ಹನ್ನೊಂದು ಮಂದಿಯ ಮುಂದೆ ಗೀಚಿ ಕಾಲೂರಿ ನಿಂತಳು. "ಇದು ಟೆಸ್ಟ್ ಅಲ್ಲ. ಶುಕ್ರವಾರ ನಮ್ಮ ಗಲ್ಲಿ ಕೆಡವ್ತಾರೆ. ನಿಮ್ಮ ನಿಮ್ಮದನ್ನ ಅಳಿಸಿ ಎದ್ದು ಬನ್ನಿ!"

ಇಬ್ಬರು ಹುಡುಗಿಯರು ಎದ್ದರು. ಒಬ್ಬಳು ಮತ್ತೆ ಕೂತಳು. ಬಾಗಿಲ ಹತ್ತಿರದಿಂದ ಮ್ಯಾನೇಜರು ದರ್ಜಿಯ ಮಗನತ್ತ ಬೆರಳು ಮಾಡಿದ. "ನೀನು ಬಾ. ಒಂಬತ್ತೂ ಹತ್ತೂ ಎರಡೂ ನಿನಗೆ. ಎರಡು ದಿನದಲ್ಲಿ ಕೊಟ್ರೆ ಕೆಲಸ ನಿಂದು."

ದರ್ಜಿಯ ಮಗ ಅವಳನ್ನು ಬಳಸಿಕೊಂಡು ಹೋದ. ಹೋಗುವಾಗ, "ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಾನೆ ಕಣೇ," ಎಂದ. ಗಾಜಿನಾಚೆ ಅವನ ಪರದೆಯ ಮೇಲೆ ಗಲ್ಲಿ ಮತ್ತೆ ತೆರೆದುಕೊಂಡಿತು. ನಾಲ್ಕು ಪಟ್ಟು ಹಿಗ್ಗಿತು. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮೌಸು ಹಿಡಿದ.

*

ರಸ್ತೆಗೆ ಬಂದ ಗೀಚಿ ನೆಲದಿಂದ ಫೋನು ಎತ್ತಿಕೊಂಡಳು. ಕಾವಲಿನವನು ಎಸೆದ ಫೋನಿನ ಗಾಜು ಒಡೆದಿತ್ತು, ಆದರೆ ಕೆಲಸ ಮಾಡುತ್ತಿತ್ತು. ಅಮ್ಮನಿಗೆ ಹಚ್ಚಿದಳು.

"ಹಲೋ? ಹಲೋ, ಏನಾಯ್ತೇ?" ಅಮ್ಮನ ಹಿಂದೆ ಹತ್ತಿಪ್ಪತ್ತು ಬ್ರಷ್ಷುಗಳು ತಗಡು ಕೆರೆಯುವ ಸದ್ದು.

"ಅಮ್ಮಾ, ಶುಕ್ರವಾರ..."

"ಶುಕ್ರವಾರದಿಂದ ಬಾ ಅಂದ್ರಾ? ರೀ, ಕೇಳ್ರೇ! ಸಿಕ್ತಂತೆ! ನನ್ನ ಮಗಳಿಗೆ ಕೆಲಸ ಸಿಕ್ತಂತೆ!"

ಅತ್ತ ಕೇಕೆ ಎದ್ದಿತು. ಯಾರೋ ಡ್ರಮ್ಮು ಬಡಿದರು. ಗೀಚಿ ಬಾಯಿಗೆ ಕೈ ಒತ್ತಿ ಹಿಡಿದು, ಆ ಗದ್ದಲ ಇಳಿಯುವವರೆಗೆ ಕಾದಳು. ಇಳಿಯಲಿಲ್ಲ. ಕೊನೆಗೆ ದಾರಿಹೋಕರು ತಿರುಗಿ ನೋಡುವಂತೆ ಕಿರುಚಿದಳು.

"ಕೆಲಸ ಇಲ್ಲಮ್ಮಾ! ಕೇಳು! ಶುಕ್ರವಾರ ಮಿಷನ್ ತರ್ತಾರೆ. ಮನೆಗಳನ್ನೆಲ್ಲ ಕೆಡವ್ತಾರೆ. ಅದರ ಚಿತ್ರ ಮಾಡಿದ್ದು ನಾನೇ ಅಮ್ಮಾ. ಮೂರು ದಿನ ಕೂತು ನಿನ್ನನ್ನ ನಾನೇ ಒರೆಸಿದ್ದೀನಿ."

ಅಮ್ಮನ ಉಸಿರು ಕೇಳುತ್ತಿತ್ತು, ಎದೆಯೊಳಗೆ ಸಣ್ಣಗೆ ಸಿಳ್ಳೆ ಹಾಕಿದಂತೆ.

"ಅಮ್ಮಾ?"

"ಎಷ್ಟೊತ್ತಿಗೆ ಬರ್ತಾರಂತೆ?"

"ಬೆಳಿಗ್ಗೆ. ನೀವು ಏಳೋಕೆ ಮೊದಲೇ."

"ಹೂಂ." ಅಮ್ಮ ಫೋನನ್ನು ಬಾಯಿಂದ ದೂರ ಹಿಡಿದು ಯಾರಿಗೋ ಏನೋ ಹೇಳಿದಳು. ಅದನ್ನು ಕೇಳಿದವಳು ಇನ್ನೊಬ್ಬಳಿಗೆ ಹೇಳಿದ್ದೂ ಕೇಳಿಸಿತು. ಗೀಚಿ ಒಡೆದ ಗಾಜನ್ನು ಕಿವಿಗೆ ಒತ್ತಿಕೊಂಡು ನಿಂತಳು. ಅತ್ತ ಬ್ರಷ್ಷುಗಳ ಸದ್ದು ಒಂದೊಂದಾಗಿ ನಿಲ್ಲತೊಡಗಿತು.