ಒಳಗಿನಿಂದಲೇ ತೆರೆದ ಫೈಲು

ಮಾದಾಪುರದಲ್ಲಿ ಪೂವಮ್ಮನ ಮನೆಯ ಹಿಂದಿನ ಗುಡ್ಡ ಜಾರುವ ಮೊದಲೇ ಸೈರನ್ ಕೂಗಲೆಂದು ಅದೇ ಊರಿನ ಎಂಜಿನಿಯರ್ ಶ್ವೇತ ಒಂದು ಪೆಟ್ಟಿಗೆ ಮಾಡಿ, ಗುಡ್ಡದಲ್ಲಿ ಕೂರಿಸುವ ಮುನ್ನ ಪೂವಮ್ಮನ ಜಗಲಿಯಲ್ಲೇ ಪರೀಕ್ಷಿಸುತ್ತಿದ್ದಳು. ಗುಡ್ಡ ಎಷ್ಟು ವಾಲಿದರೆ ಕೂಗಬೇಕೆಂಬ ಅಂಕಿ ಅದರೊಳಗಿನ ಒಂದು ಫೈಲಿನಲ್ಲಿತ್ತು. ಪೂವಮ್ಮ ದಿನಾ ಬೆಳಿಗ್ಗೆ ದೇವರಿಗೆ ದೀಪವಿಟ್ಟು, ಗುಡ್ಡದಲ್ಲಿ ನೆಟ್ಟ ಗೂಟಗಳನ್ನು ನೋಡಿ ಬಂದು, ಫೋನಿನಿಂದ ಆ ಅಂಕಿಯನ್ನು ತಿದ್ದುತ್ತಿದ್ದರು.

ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗುತ್ತದೆ. ಬ್ಯಾಟರಿ ಇಟ್ಟರೆ ವಾರದೊಳಗೆ ತೇವ ಹಿಡಿಯುತ್ತದೆ. ಕರೆಂಟು ಬಂದಾಗ ಮೊದಲು ಏಳುವುದು ಯಂತ್ರವನ್ನು ಒಳಗಿನಿಂದ ನಡೆಸುವ ಮೂಲ ಪ್ರೋಗ್ರಾಮ್, ಅಂದರೆ ಕರ್ನಲ್. ಫೈಲು ಓದಿಕೊಡುವ ಹೊರಗಿನ ಪ್ರೋಗ್ರಾಮ್ ಏಳುವಷ್ಟರಲ್ಲಿ ನಲವತ್ತು ಸೆಕೆಂಡು. ಅಷ್ಟು ಹೊತ್ತು ಪೆಟ್ಟಿಗೆ ಕುರುಡು. ಆದ್ದರಿಂದ ಕರ್ನಲ್ಲೇ ಫೈಲು ತೆರೆಯುವಂತೆ ಶ್ವೇತ ಬರೆದಳು.

ಅವಳ ಕೋಡಿನ ಪರಿಶೀಲನೆಗೆಂದು ಶನಿವಾರಸಂತೆಯಿಂದ ಬಂದ ನವೀನ್‌ಕುಮಾರ್, ಪೂವಮ್ಮನ ಜಗಲಿಯಲ್ಲಿ ಕೂತು ಪರದೆಯಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟರು.

“ಇದೇನಮ್ಮಾ? ಕರ್ನಲ್ ಫೈಲು ಮುಟ್ಟಬಾರ್ದು. ಗರ್ಭಗುಡೀಲಿರೋನು ಹೊರಗೆ ಬಂದು ಕೈ ಚಾಚ್ತಾನಾ? ಹೊರಗಿನೋರು ತಂದ್ಕೊಡ್ಬೇಕು ಕಣಮ್ಮ.”

ಕರೆಂಟು ಕೊಟ್ಟು ನೋಡಿದರು. ‘ಫೈಲು ಇಲ್ಲ’ ಎಂದಿತು ಪೆಟ್ಟಿಗೆ. ಕರ್ನಲ್ ಎದ್ದಾಗ ಫೈಲಿರುವ ಡಿಸ್ಕು ಇನ್ನೂ ಜೋಡಣೆಯಾಗಿರಲಿಲ್ಲ. ನವೀನ್‌ಕುಮಾರ್ ನಕ್ಕರು. “ನೋಡ್ದೇನಮ್ಮಾ? ಪೂಜಾರಿ ಬರೋಕ್ಮುಂಚೇನೇ ಪ್ರಸಾದ ಕೇಳ್ದಂಗಾಯ್ತು.”

ಶ್ವೇತ ಕೀಲಿಮಣೆ ಎಳೆದುಕೊಂಡಳು. ಡಿಸ್ಕು ಬರುವತನಕ ಕಾದು, ಬಂದೊಡನೆ ಫೈಲು ತೆರೆದು, ಓದಿ, ಮುಚ್ಚುವಂತೆ ತಿದ್ದಿದಳು. ಈ ಸಲ ಆರನೇ ಸೆಕೆಂಡಿಗೆ ಪೂವಮ್ಮನ ಅಂಕಿ ಪರದೆಯ ಮೇಲಿತ್ತು.

“ನಮ್ಮೂರಲ್ಲಿ ದೇವರು ವರ್ಷಕ್ಕೊಮ್ಮೆ ಮನೆಮನೆಗೆ ಬರ್ತಾರೆ ಸರ್. ಬಾಗಿಲಲ್ಲೇ ನಿಂತು ಕಾಣಿಕೆ ತಗೊಂಡು ಗುಡಿಗೆ ವಾಪಸ್. ನಮ್ಮನೇಲಿ ಮಲಗೋದಿಲ್ಲ. ಈ ಕರ್ನಲ್ಲೂ ಅಷ್ಟೆ,” ಎಂದಳು ಶ್ವೇತ.

“ಅದೆಲ್ಲಾ ಸರಿ. ನಿಯಮ ನಿಯಮಾನೇ. ನಾನು ಸಹಿ ಹಾಕಲ್ಲ.”

ಕಾಫಿ ತಂದಿಟ್ಟ ಪೂವಮ್ಮ ಕೇಳಿದರು: “ಗುಡ್ಡ ಜಾರೋಕೆ ಯಾರ ಸಹಿ ಬೇಕು ಸರ್?”

ನವೀನ್‌ಕುಮಾರ್ ಲೋಟ ಎತ್ತಿಕೊಂಡರು.

ಶ್ವೇತ ಕೋಡಿನ ತಲೆಯಲ್ಲಿ ಪರಿಶೀಲಕರ ಹೆಸರಿನ ಜಾಗವನ್ನು ಖಾಲಿ ಬಿಟ್ಟಳು. ಅದರ ಕೆಳಗೆ ಬರೆದಳು: ‘ನಿಯಮ ಗೊತ್ತಿದ್ದೇ ಮುರಿದಿದ್ದೇನೆ. ತಪ್ಪಾದರೆ ಹೊಣೆ ನನ್ನದು. ಶ್ವೇತ, ಮಾದಾಪುರ.’ ಪೆಟ್ಟಿಗೆಯನ್ನು ಕಣ್ಣಿಗೊತ್ತಿಕೊಂಡು ಎದ್ದಳು.

“ಅಲ್ಲ, ಸಹಿ ಇಲ್ದೆ ಈಗ್ಲೇ ಗುಡ್ಡದಲ್ಲಿ ಕೂರಿಸ್ತೀಯೇನಮ್ಮಾ?”

“ಮೋಡ ಕಟ್ಟಿದೆ ಸರ್,” ಎಂದು ಗುಡ್ಡದ ದಾರಿ ಹಿಡಿದಳು. ಪೂವಮ್ಮ ಆಗಲೇ ಹಾರೆ ಹೊತ್ತು ಮುಂದೆ ನಡೆದಿದ್ದರು.