ಎಡ ಸ್ಪೀಕರ್, ಬಲ ಸ್ಪೀಕರ್, ನಡುವೆ ಸ್ಟೆನೋ

1
ಎಲ್ಲಿಂದ ಶುರು ಮಾಡಲಿ? ಹೊಗೆಯಿಂದ ಮಾಡಬಹುದು. ಸಿನಿಮಾ ಅರ್ಧಕ್ಕೆ ಬಂದಾಗ, ಟೀವಿಯ ಸದ್ದನ್ನು ಸ್ಪೀಕರ್‌ಗಳಿಗೆ ಕೊಡುವ ಹಳೆಯ ರಿಸೀವರ್ ಬುಸ್ಸೆಂದು ಹೊಗೆ ಬಿಟ್ಟು ಸತ್ತಿತು. [ಬೇಡ. ಹೊಗೆ ಕಂಡ ಓದುಗರು ಬೆಂಕಿ ಕೇಳುತ್ತಾರೆ. ನನ್ನ ಹತ್ತಿರ ಬೆಂಕಿ ಇಲ್ಲ.]

1 (ಮತ್ತೆ)
ಸರಿ, ಕಿವಿಯಿಂದಲೇ ಶುರು ಮಾಡೋಣ. ನಮ್ಮ ನಾಯಕ ಕೋರ್ಟಿನಲ್ಲಿ ಸ್ಟೆನೋ. ಬೇರೆಯವರು ಆಡಿದ್ದನ್ನು ಶೀಘ್ರಲಿಪಿಯಲ್ಲಿ ಹಿಡಿಯುವುದು ಅವನ ಕೆಲಸ, ಅಂದರೆ ಅವನ ಅನ್ನ ಇರುವುದು ಕಿವಿಯಲ್ಲಿ. ಮನೆಗೆ ಬಣ್ಣ ಹೊಡೆಸಿದಾಗಿನಿಂದ ಅವನಿಗೆ ಟೀವಿಯ ಮಾತು ಸರಿಯಾಗಿ ಕೇಳುತ್ತಿಲ್ಲ. ಬಾಂಬು ಕೇಳುತ್ತದೆ, ತಬಲಾ ಕೇಳುತ್ತದೆ, ಮಾತು ಮಾತ್ರ ಟೊಳ್ಳು. ಕಿವಿಯೇ ಕೆಡುತ್ತಿದೆ ಎಂಬ ಹೆದರಿಕೆಗೆ ಕೋರ್ಟಿನಲ್ಲೂ ಸಾಕ್ಷಿಗಳಿಗೆ "ಇನ್ನೊಂದ್ಸಲ ಹೇಳಿ" ಅನ್ನತೊಡಗಿದ್ದಾನೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡತೊಡಗಿದ್ದಾರೆ. ಕಿವಿ ಹೋದರೆ ಕೆಲಸವೂ ಹೋಗುತ್ತದೆ.

[ಎಲ್ಲವನ್ನೂ ಮೊದಲೇ ಹೇಳಿಬಿಟ್ಟೆ. ಗುಟ್ಟು ಇಟ್ಟುಕೊಳ್ಳಲು ಬರದವರು ಕಥೆ ಬರೆಯಬಾರದು ಎನ್ನುತ್ತಾರೆ.]

2
ಹೆಂಡತಿ ಲಾಂಡ್ರಿ ನಡೆಸುತ್ತಾಳೆ. ಯಂತ್ರಗಳ ಗದ್ದಲದಲ್ಲಿ ತುಟಿ ನೋಡಿಯೇ ಮಾತು ತಿಳಿಯುವ ಅಭ್ಯಾಸವಾಗಿ, ಟೀವಿಯನ್ನೂ ಅವಳು ಕಣ್ಣಲ್ಲೇ ಕೇಳುತ್ತಾಳೆ. ಹಾಗಾಗಿ ಅವಳಿಗೆ ಏನೂ ವ್ಯತ್ಯಾಸ ಗೊತ್ತಾಗಿಲ್ಲ. ರಿಸೀವರ್ ಸತ್ತಾಗ ಗಂಡನನ್ನು ಅಂಗಡಿಗೆ ಎಳೆದುಕೊಂಡು ಹೋದವಳು ಅವಳೇ.

"ಸ್ಪೀಕರ್ ಎಷ್ಟು ಓಮ್?" ಅಂದ ಅಂಗಡಿಯವನು.

"ನಾಲ್ಕು."

"ಹಾಗಿದ್ರೆ ಇದು ಬೇಡ. ಅವು ಜಾಸ್ತಿ ಕರೆಂಟ್ ಎಳೀತವೆ, ಇದು ಬಿಸಿಯಾಗಿ ಮಧ್ಯದಲ್ಲೇ ಆಫ್ ಆಗುತ್ತೆ. ಡಬ್ಬದ ಮೇಲಿರೋ ವ್ಯಾಟ್ ನಂಬಬೇಡಿ, ಅದು ಮದುವೆ ಫೋಟೋ ಇದ್ದ ಹಾಗೆ."

"ರೀ, ಸ್ಪೀಕರನ್ನೇ ಬದಲಾಯಿಸಿದ್ರೆ?"

"ಸ್ಪೀಕರ್ ಸುದ್ದಿಗೆ ಬರಬೇಡ," ಅಂದ ಸ್ಟೆನೋ. ಮದುವೆಯಾದ ಹೊಸದರಲ್ಲಿ ಇಬ್ಬರೂ ಸೇರಿ ಹೊತ್ತು ತಂದ ಸ್ಪೀಕರ್‌ಗಳು ಅವು.

ಒಂದು ರಿಸೀವರ್ ಬಡಕಲು. ಇನ್ನೊಂದಕ್ಕೆ ಬೆಲೆ ಜಾಸ್ತಿ. ಮತ್ತೊಂದರ ಗುಂಡಿ ಅವನಿಗೆ ಹಿಡಿಸಲಿಲ್ಲ. ಹೀಗೆ ಅಂಗಡಿ ಅಂಗಡಿ ಸುತ್ತಿ ಬರಿಗೈಯಲ್ಲಿ ಮನೆಗೆ ಬಂದರು.

3
ಓದುಗರೇ, ಇವನು ಆರಿಸುತ್ತಿಲ್ಲ, ತಪ್ಪಿಸಿಕೊಳ್ಳುತ್ತಿದ್ದಾನೆ. ಹೊಸ ರಿಸೀವರ್ ಬಂದ ಮೇಲೂ ಮಾತು ಟೊಳ್ಳಾಗಿಯೇ ಕೇಳಿದರೆ ದೋಷ ಕಿವಿಯದ್ದೇ ಎಂದು ಖಾತ್ರಿಯಾಗುತ್ತದೆ. ಪೆಟ್ಟಿಗೆ ಕೊಳ್ಳದಿದ್ದಷ್ಟು ದಿನ ಕಿವಿ ಕ್ಷೇಮ.

"ನನ್ನ ಮರ್ಯಾದೆ ಯಾಕ್ರೀ ತೆಗೀತೀರಾ?" ಸ್ಟೆನೋ ನನ್ನ ಕಡೆ ತಿರುಗಿದ. "ನೀವು ಕಥೆ ಶುರು ಮಾಡೋಕೇ ಎರಡು ಸಲ ಒಂದು ಅಂತ ಬರೆದ್ರಿ. ನಾನು ಹೊತ್ತು ತಗೊಂಡ್ರೆ ತಪ್ಪಾ?"

[ನಾಲ್ಕನೆಯ ಭಾಗವನ್ನು ಬರೆದು ಹರಿದುಹಾಕಿದೆ. ಅದರಲ್ಲಿ ಇವನು ಕಿವಿ ಡಾಕ್ಟರ ಬಾಗಿಲಿಗೆ ಹೋಗಿ ಚಪ್ಪಲಿ ಬಿಡದೆ ವಾಪಸ್ಸು ಬರುತ್ತಿದ್ದ.]

5
ಕೊನೆಗೆ ಹೆಂಡತಿ ಒಬ್ಬಳೇ ಹೋಗಿ ತಂದಳು. ಅಗ್ಗದ್ದೇ, ಆದರೆ ನಾಲ್ಕು ಓಮ್ ತಡೆಯುತ್ತದೆ. ಜೊತೆಗೆ ಅಡಿಕೆಯಷ್ಟು ಪುಟ್ಟ ಮೈಕು. ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಇಟ್ಟರೆ ರಿಸೀವರ್ ತಾನೇ ಸದ್ದು ಮಾಡಿ, ತಾನೇ ಕೇಳಿ, ಸ್ಪೀಕರ್‌ಗಳನ್ನು ಪರೀಕ್ಷಿಸುತ್ತದಂತೆ. ಸ್ಟೆನೋ ಕೂರುವ ಕುರ್ಚಿಯ ಮೇಲೆ ಅವಳು ಟವೆಲ್ ಪೇರಿಸಿ ಮೈಕು ಕೂರಿಸಿದಳು. ಸ್ಟೆನೋ ಗೋಡೆಗೆ ಒರಗಿ ನಿಂತ. ಅವನ ಬದಲು ಟವೆಲ್ಲಿನ ರಾಶಿ ಕಿವಿ ಪರೀಕ್ಷೆಗೆ ಕೂತಿತ್ತು.

ಎಡಕ್ಕೆ ಟುಸ್, ಬಲಕ್ಕೆ ಟುಸ್. ಪರದೆಯ ಮೇಲೆ ಸಾಲು ಮೂಡಿತು: ಎಡ ಸ್ಪೀಕರ್, ತಂತಿ ಅದಲುಬದಲಾಗಿರಬಹುದು, ನೋಡಿ.

ಬಣ್ಣ ಹೊಡೆಸುವಾಗ ಸ್ಟೆನೋ ತಂತಿ ಬಿಚ್ಚಿ, ಚೀಟಿ ಅಂಟಿಸಿ, ಗೆರೆಯ ದಪ್ಪ-ತೆಳುವಿನಲ್ಲೇ ಅಕ್ಷರ ಬೇರೆಯಾಗುವ ಶೀಘ್ರಲಿಪಿಯ ಅಭ್ಯಾಸಬಲದಿಂದ ಗುರುತು ಹಾಕಿದ್ದ: ದಪ್ಪ ಗೆರೆ ಪ್ಲಸ್, ತೆಳು ಗೆರೆ ಮೈನಸ್. ಚೀಟಿ ಬಿದ್ದುಹೋದೀತು ಎಂದು ಹೆಂಡತಿ ಅವೇ ಗೆರೆಗಳನ್ನು ಲಾಂಡ್ರಿಯ ಬಟ್ಟೆಪಟ್ಟಿಯ ಮೇಲೆ, ಎಷ್ಟು ಒಗೆದರೂ ಹೋಗದ ಶಾಯಿಯಲ್ಲಿ ಬರೆದು ಕಟ್ಟಿದ್ದಳು. ಎಡ ಸ್ಪೀಕರಿನ ಪಟ್ಟಿಯಲ್ಲಿ ಶಾಯಿ ಹರಡಿ ತೆಳು ಗೆರೆಯೂ ದಪ್ಪವಾಯಿತು. ಎಡ ಸ್ಪೀಕರನ್ನು ಅವನು ಅಂದಾಜಿನ ಮೇಲೆ ಜೋಡಿಸಿದ. ಅಂದಿನಿಂದ ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ನಡುವೆ ನಿಲ್ಲಬೇಕಾದ ಮಾತು ಚೆಲ್ಲಾಪಿಲ್ಲಿಯಾಗುತ್ತಿತ್ತು.

"ನಾನು ಬರೆದಿದ್ದು ಸರಿಯಾಗೇ ಇತ್ತು," ಅಂದ ಅವನು.

"ನಾನು ನೋಡ್ಕೊಂಡೇ ಬರೆದಿದ್ದು," ಅಂದಳು ಅವಳು.

ಇಬ್ಬರೂ ಹೇಳಿದ್ದು ನಿಜ. ನನಗೆ ಇಬ್ಬರ ಮೇಲೂ ಪ್ರೀತಿ ಬಂತು, ಬರೆಯುವವನಿಗೆ ಅದು ಒಳ್ಳೆಯದಲ್ಲ.

6
ಮುಕ್ತಾಯ ಅ: ತಂತಿ ತಿರುಗಿಸಿದ. ಮಾತು ಸ್ಪಷ್ಟ. ಕಿವಿ ಉಳಿಯಿತು. [ಜಾಹೀರಾತಿನ ಹಾಗಿದೆ.]

ಮುಕ್ತಾಯ ಆ: ತಂತಿ ತಿರುಗಿಸಿದ. ಆದರೂ ಟೊಳ್ಳು. ತಂತಿಯೂ ಕೆಟ್ಟಿತ್ತು, ಕಿವಿಯೂ ಕೆಟ್ಟಿತ್ತು. [ಇದು ಸಾಹಿತ್ಯ. ವಿಮರ್ಶಕರು ಮೆಚ್ಚುತ್ತಾರೆ.]

"ನಿಮ್ಮ ಕಥೆ ಚೆನ್ನಾಗಿ ಬರ್ಲಿ ಅಂತ ಇವರ ಕಿವಿ ಹೋಗ್ಬೇಕಾ?" ಹೆಂಡತಿ ಇಸ್ತ್ರಿಪೆಟ್ಟಿಗೆ ಹಿಡಿಯುವ ಕೈಯನ್ನು ನನ್ನತ್ತ ಚಾಚಿದಳು. ನಾನು ಎರಡನ್ನೂ ಹೊಡೆದುಹಾಕಿದೆ.

7
ಅವನು ಎಡ ಸ್ಪೀಕರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ತಂತಿ ತಿರುಗಿಸಿದ. ಟವೆಲ್ ರಾಶಿ ಎತ್ತಿಟ್ಟು ಕುರ್ಚಿಯಲ್ಲಿ ಕೂತ. ಅವಳು ವಾರ್ತೆ ಹಾಕಿದಳು. ಪರದೆಯ ಹೆಂಗಸು ಬಾಯಿ ತೆರೆದಳು. ಹೆಂಡತಿ ಅಪರೂಪಕ್ಕೆ ಆ ತುಟಿಗಳನ್ನು ಬಿಟ್ಟು ಗಂಡನ ಮುಖವನ್ನೇ ನೋಡುತ್ತ ನಿಂತಳು. ಅವನು ಕಣ್ಣು ಮುಚ್ಚಿದ. ಕೈ ತಾನಾಗಿ ಜೇಬಿನ ಪೆನ್ಸಿಲ್ಲಿಗೆ ಹೋಯಿತು.

"ಏನಾಯ್ತು? ಕೇಳಿಸ್ತಾ?" ಎಂದೆ. ತಡೆಯಲಾಗಲಿಲ್ಲ, ನನಗೂ ಗೊತ್ತಾಗಬೇಕಿತ್ತು.

ಅವನು ಕಣ್ಣು ತೆರೆಯದೆ ನನ್ನ ಕಡೆ ಕೈ ಎತ್ತಿದ.

"ಶ್... ನೀವು ಸ್ವಲ್ಪ ಸುಮ್ಮನಿರ್ತೀರಾ?"